ಉತ್ತ ಹೊಲದಲ್ಲಿ ರೋಮ್‌ನ ನಾಣ್ಯ: ಲೋಹಶೋಧಕಕ್ಕೆ ಕೇಳಿಸುವುದೇನು?



ಮೊದಲ ಮಳೆ ಬಿದ್ದು ಹಳಿಯಾಳ, ಮುಂಡಗೋಡಗಳ ಹೊಲಗಳಲ್ಲಿ ಉಳುಮೆ ಆರಂಭವಾದಾಗ ರಂಟೆಯ ಹಿಂದೆ ಬೆಳ್ಳಕ್ಕಿಗಳು ಸಾಲಾಗಿ ನಡೆದು ಬರುವುದನ್ನು ನೀವು ನೋಡಿರುತ್ತೀರಿ. ಮಗುಚಿದ ಮಣ್ಣಿನಿಂದ ಮೇಲೆ ಬರುವ ಹುಳುಗಳ ಮೇಲೆ ಅವುಗಳ ಕಣ್ಣು. ಆದರೆ ಮಣ್ಣು ಮಗುಚಿದಾಗ ಮೇಲೆ ಬರುವುದು ಹುಳು ಮಾತ್ರವಲ್ಲ. ಮಡಕೆಯ ಚೂರು ಬರುತ್ತದೆ, ಎತ್ತಿನ ಲಾಳ ಬರುತ್ತದೆ, ತುಕ್ಕು ಹಿಡಿದ ಕುಡುಗೋಲಿನ ತುದಿ ಬರುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ನಾಣ್ಯವೂ ಬರುತ್ತದೆ.

ಇಂಗ್ಲೆಂಡಿನಲ್ಲಿ ಹೀಗೆ ಉತ್ತ ಹೊಲಗಳಲ್ಲಿ ಲೋಹಶೋಧಕ ಯಂತ್ರ ಹಿಡಿದು ನಡೆಯುವುದು ಸಾವಿರಾರು ಜನರ ರಜಾದಿನದ ಹವ್ಯಾಸ. ಕ್ರಿ.ಶ. 43ರಿಂದ ಸುಮಾರು 410ರವರೆಗೆ ಆ ದೇಶ ರೋಮನ್ ಸಾಮ್ರಾಜ್ಯದ ಒಂದು ಪ್ರಾಂತ. ಹಾಗಾಗಿ ಅಲ್ಲಿನ ಮಣ್ಣಿನಲ್ಲಿ ರೋಮನ್ ನಾಣ್ಯ ಸಿಗುವುದು ಆಶ್ಚರ್ಯವೇನಲ್ಲ. ನಮ್ಮಲ್ಲಿ ಹಾಗಲ್ಲ. ರೋಮ್‌ನ ಸೈನಿಕ ಕಾಳಿ ನದಿಯ ದಡಕ್ಕೆ ಬಂದವನಲ್ಲ. ಆದರೂ ರೋಮ್‌ನ ಹಣ ಮಾತ್ರ ಕರ್ನಾಟಕದ ಮಣ್ಣಿಗೆ ಬಂದಿದೆ, ಅದೂ ಗಡಿಗೆಗಟ್ಟಲೆ. ಅಂಚೆಯ ಮೂಲಕ ಕೆಲವೇ ಸಾವಿರ ರೂಪಾಯಿಗೆ ಲೋಹಶೋಧಕ ತರಿಸಿಕೊಳ್ಳಬಹುದಾದ ಈ ದಿನಗಳಲ್ಲಿ, "ನಮ್ಮ ಹೊಲದಲ್ಲೂ ಹುಡುಕಬಹುದಲ್ಲ?" ಎಂಬ ಪ್ರಶ್ನೆ ದಾಂಡೇಲಿ, ಜೋಯಿಡಾಗಳ ಹುಡುಗನ ಮನಸ್ಸಿಗೆ ಬಂದರೆ ಅದು ಸಹಜವೇ. ತೆರೆಯ ಮೇಲೆ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಲಾಗದ ಉತ್ತರ ಅದು. ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಸಿಕ್ಕಿರುವುದು ಎಲ್ಲಿ?

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ 163 ಬೆಳ್ಳಿಯ ರೋಮನ್ ನಾಣ್ಯಗಳು ನೆಲದಿಂದ ಹೊರಬಂದವು. 1965ರಲ್ಲಿ ಅದೇ ನಗರದ ಎಚ್.ಎ.ಎಲ್. ಪ್ರದೇಶದಲ್ಲಿ ಇನ್ನೊಂದು ಗಂಟು ಸಿಕ್ಕಿತು. ಅದರಲ್ಲಿ 256 ನಾಣ್ಯಗಳಿದ್ದವು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿವೆ. ಅಲ್ಲಿ ಮೊದಲು ಡಾ. ಎಂ.ಎಚ್. ಕೃಷ್ಣ ಅವರು, ಅನಂತರ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಉತ್ಖನನ ನಡೆಸಿದರು. ಬೆಳಗಾವಿಯಿಂದ ಉತ್ತರಕ್ಕೆ ಹೋದರೆ ಕೊಲ್ಹಾಪುರ. ಅಲ್ಲಿನ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ಗ್ರೀಕರ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ಕಂಚಿನ ಮೂರ್ತಿ ಸಿಕ್ಕಿತು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಅಕ್ಕಿಆಲೂರು. ಮುಂಡಗೋಡ ತಾಲ್ಲೂಕಿನ ಗಡಿ ದಾಟಿದರೆ ಹಾನಗಲ್ ತಾಲ್ಲೂಕು. ಅಕ್ಕಿಆಲೂರು ಇರುವುದು ಅಲ್ಲಿ. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಊರು 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ಇಲ್ಲಿ ಸಿಕ್ಕಿದ್ದು ಬೆಳ್ಳಿಯಲ್ಲ, ನಲವತ್ತಕ್ಕೂ ಹೆಚ್ಚು ಚಿನ್ನದ ನಾಣ್ಯಗಳು. ಕ್ರಿ.ಶ. 193ರಲ್ಲಿ ಪಟ್ಟಕ್ಕೆ ಬಂದ ಸೆಪ್ಟಿಮಿಯಸ್ ಸೆವೆರಸ್‌ನ ಕಾಲದಿಂದ 6ನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಬೈಜಾಂಟಿಯಮ್ ಚಕ್ರವರ್ತಿಗಳ ಕಾಲದವರೆಗಿನ ನಾಣ್ಯಗಳು ಒಂದೇ ಗಂಟಿನಲ್ಲಿವೆ. ಅಂದರೆ ಮೊದಲ ನಾಣ್ಯಕ್ಕೂ ಕೊನೆಯ ನಾಣ್ಯಕ್ಕೂ ನಡುವೆ ಸುಮಾರು ಮುನ್ನೂರು ವರ್ಷ. ಈ ಮುನ್ನೂರು ವರ್ಷದ ಅಂತರವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಈ ಹಣ ಇಲ್ಲಿಗೆ ಬಂದದ್ದೇಕೆ? ಉತ್ತರ ನಿಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಕೊಂಡಿದೆ. ಕಾಳುಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟ. ರೋಮ್‌ನ ಲೇಖಕ ಪ್ಲಿನಿ ಕ್ರಿ.ಶ. 1ನೆಯ ಶತಮಾನದಲ್ಲಿ, ಭಾರತ ಪ್ರತಿವರ್ಷ ತಮ್ಮ ಸಾಮ್ರಾಜ್ಯದಿಂದ ಐದು ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆದುಕೊಳ್ಳುತ್ತಿದೆ ಎಂದು ದೂರಿದ್ದಾನೆ. ಸೆಸ್ಟರ್ಸ್ ಎಂಬುದು ಆಗಿನ ಹಿತ್ತಾಳೆಯ ನಾಣ್ಯ. ಅಂಥ ನಾಲ್ಕು ಸೇರಿದರೆ ಡಿನೇರಿಯಸ್ ಎಂಬ ಒಂದು ಬೆಳ್ಳಿ ನಾಣ್ಯ. ಅಗಸ್ಟಸ್‌ನ ಕಾಲದ ಡಿನೇರಿಯಸ್ ಸುಮಾರು 3.9 ಗ್ರಾಂ ತೂಗುತ್ತಿತ್ತು. ಅದರಲ್ಲಿ ಬಹುಪಾಲು ಅಪ್ಪಟ ಬೆಳ್ಳಿ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ಅದರ ತೂಕ ಮತ್ತು ಬೆಳ್ಳಿ ಎರಡನ್ನೂ ಇಳಿಸಿದ. ನಮ್ಮ ವರ್ತಕರು ಇದನ್ನು ಗಮನಿಸದೆ ಇರಲಿಲ್ಲ. ದಕ್ಷಿಣ ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚಿನವು ನೀರೋನ ಈ ಕ್ರಮಕ್ಕೆ ಮುಂಚಿನವು. ಕಲಬೆರಕೆ ಹಣವನ್ನು ಬೇಡವೆನ್ನುವ ಜಾಣತನ ಪೇಟೆಗೆ ಆಗಲೂ ಇತ್ತು!

ಘಟ್ಟದ ಕೆಳಗಿನ ಬಂದರಿಗೂ ಮೇಲಿನ ಬಯಲುಸೀಮೆಗೂ ನಡುವಿನ ದಾರಿಗಳು ಹಾದುಹೋಗುವುದು ನಮ್ಮ ಈ ಸೀಮೆಯಲ್ಲೇ. ಒಂದು ಕಡೆ ಶಿರಸಿ ತಾಲ್ಲೂಕಿನ ಬನವಾಸಿ. ಗ್ರೀಕ್ ಭೂಗೋಳಜ್ಞ ಟಾಲೆಮಿಗೆ 2ನೆಯ ಶತಮಾನದಲ್ಲೇ ಅದರ ಹೆಸರು ಗೊತ್ತಿತ್ತು. ಇನ್ನೊಂದು ಕಡೆ, ಹಳಿಯಾಳದ ಉತ್ತರಕ್ಕೆ ಖಾನಾಪುರ ತಾಲ್ಲೂಕಿನ ಹಲಸಿ, ಕದಂಬರ ಇನ್ನೊಂದು ರಾಜಧಾನಿ. ಈ ಎರಡು ಊರುಗಳ ನಡುವೆ ನಕ್ಷೆಯಲ್ಲಿ ಒಂದು ಗೆರೆ ಎಳೆದು ನೋಡಿ. ಅದು ಮುಂಡಗೋಡ, ಹಳಿಯಾಳಗಳ ನೆರೆಯಲ್ಲೇ ಹಾದುಹೋಗುತ್ತದೆ. ಅಕ್ಕಿಆಲೂರಿನ ಗಂಟಿನ ಕೊನೆಯ ನಾಣ್ಯಗಳು ಅಚ್ಚಾದ ಕಾಲ ಕದಂಬರ ಕಾಲವೇ.

ಬೆಳ್ಳಿ, ಚಿನ್ನವಷ್ಟೇ ಅಲ್ಲ. ಕಾರವಾರದ ಸುತ್ತಿನಲ್ಲಿ ಚುಟುಕುಲಾನಂದ, ಮುಡಾನಂದ ಎಂಬ ಅರಸರ ಸೀಸದ ನಾಣ್ಯಗಳು ದೊರೆತಿವೆ. ದೊಡ್ಡ, ದಪ್ಪ, ಮಂಕು ಬಣ್ಣದ ಬಿಲ್ಲೆಗಳು. ಕೈಗೆ ಸಿಕ್ಕರೆ ಬಲೆಗೆ ಕಟ್ಟುವ ಸೀಸದ ಗುಂಡು ಎಂದು ಎಸೆದುಬಿಡಬಹುದಾದಂಥವು. ಇದನ್ನೂ ನೆನಪಿನಲ್ಲಿಡಿ.

ಯಂತ್ರದ ಒಳಗೆ

ಬೆಂಗಳೂರಿನ ಎರಡು ಗಂಟುಗಳನ್ನಾಗಲಿ, ಚಂದ್ರವಳ್ಳಿಯ ನಾಣ್ಯಗಳನ್ನಾಗಲಿ ಕಂಡುಹಿಡಿದದ್ದು ಯಂತ್ರವಲ್ಲ. ಗುದ್ದಲಿ, ಹಾರೆ, ಪುರಾತತ್ವಜ್ಞರ ಕರಣೆ, ಇವೇ. ಹಾಗಾದರೆ ಯಂತ್ರ ಹೆಚ್ಚಾಗಿ ಏನನ್ನು ಮಾಡಬಲ್ಲದು? ಅದು ತಿಳಿಯಬೇಕಾದರೆ ಅದು ಕೆಲಸ ಮಾಡುವ ರೀತಿ ತಿಳಿಯಬೇಕು.

ಪಿ.ಯು.ಸಿ.ಯ ಪ್ರಯೋಗಶಾಲೆಯಲ್ಲಿ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ದೂಡಿ, ಗ್ಯಾಲ್ವನೋಮೀಟರಿನ ಮುಳ್ಳು ಹೊಯ್ದಾಡುವುದನ್ನು ನೀವು ನೋಡಿರುತ್ತೀರಿ. 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿದ ವಿದ್ಯುತ್ಕಾಂತೀಯ ಪ್ರೇರಣೆ ಇದು: ಬದಲಾಗುತ್ತಿರುವ ಕಾಂತಕ್ಷೇತ್ರ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ನಮ್ಮ ಸ್ಟುಡಿಯೋದ ಸಾಮಾನ್ಯ ಮೈಕ್ರೋಫೋನಿನಲ್ಲಿ ಕೆಲಸ ಮಾಡುವುದೂ ಇದೇ ತತ್ವ. ಮಾತಿನ ಕಂಪನಕ್ಕೆ ಪುಟ್ಟ ಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗುತ್ತದೆ, ವಿದ್ಯುತ್ ಹುಟ್ಟುತ್ತದೆ.

ಲೋಹಶೋಧಕದ ತಟ್ಟೆಯೊಳಗೆ ಸಾಮಾನ್ಯವಾಗಿ ಎರಡು ಸುರುಳಿಗಳಿರುತ್ತವೆ. ಮೊದಲನೆಯದರಲ್ಲಿ ಸೆಕೆಂಡಿಗೆ ಐದು ಸಾವಿರದಿಂದ ಇಪ್ಪತ್ತು ಸಾವಿರ ಸಲ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ ಹರಿಯುತ್ತದೆ. ಅದರ ಕಾಂತಕ್ಷೇತ್ರ ನೆಲದೊಳಕ್ಕೆ ಇಳಿಯುತ್ತದೆ. ಅಲ್ಲಿ ನಾಣ್ಯವೊಂದಿದ್ದರೆ, ಕ್ಷೇತ್ರ ಬದಲಾದ ಹಾಗೆಲ್ಲ ಅದರ ಮೈಯಲ್ಲಿ ವಿದ್ಯುತ್ತಿನ ಸಣ್ಣ ಸುಳಿಗಳು ಏಳುತ್ತವೆ. ಕಾಳಿ ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುತ್ತುವುದಿಲ್ಲವೇ, ಹಾಗೆ. ಈ ಸುಳಿ ವಿದ್ಯುತ್ತು ತನ್ನದೇ ಆದ ಒಂದು ಕ್ಷೀಣ ಕಾಂತಕ್ಷೇತ್ರವನ್ನು ಹೊರಡಿಸುತ್ತದೆ. ಎರಡನೆಯ ಸುರುಳಿ ಕಿವಿಗೊಡುವುದು ಆ ಮರುದನಿಗೆ. ಎರಡೂ ಸುರುಳಿಗಳನ್ನು ಮೊದಲನೆಯದರ ಕೂಗು ಎರಡನೆಯದಕ್ಕೆ ನೇರವಾಗಿ ಕೇಳದಂತೆ ಜಾಣತನದಿಂದ ಜೋಡಿಸಿರುತ್ತಾರೆ. ಯಂತ್ರದ ಕುಶಲತೆ ಇರುವುದೇ ಈ ಜೋಡಣೆಯಲ್ಲಿ.

ಸುಳಿ ವಿದ್ಯುತ್ತನ್ನು ಕಣ್ಣಾರೆ ಕಾಣಬೇಕೆಂದರೆ ಒಂದು ಸರಳ ಪ್ರಯೋಗವಿದೆ. ಒಂದು ಮೀಟರ್ ಉದ್ದದ ತಾಮ್ರ ಅಥವಾ ಅಲ್ಯೂಮಿನಿಯಂ ಕೊಳವೆಯನ್ನು ನೆಟ್ಟಗೆ ಹಿಡಿದು, ಅದರೊಳಗೆ ಒಂದು ಬಲವಾದ ಚಿಕ್ಕ ಅಯಸ್ಕಾಂತವನ್ನು ಬಿಡಿ. ಕಲ್ಲಿನಂತೆ ತಟ್ಟನೆ ಬೀಳಬೇಕಾದದ್ದು ಜೇನಿನಲ್ಲಿ ಮುಳುಗುವಂತೆ ನಿಧಾನವಾಗಿ ಇಳಿಯುತ್ತದೆ. ಕೊಳವೆಯ ಲೋಹಕ್ಕೆ ಅಯಸ್ಕಾಂತ ಅಂಟುವುದಿಲ್ಲ, ನೆನಪಿರಲಿ. ಅದನ್ನು ತಡೆಯುತ್ತಿರುವುದು ಕೊಳವೆಯಲ್ಲಿ ಹುಟ್ಟಿದ ಸುಳಿ ವಿದ್ಯುತ್ತು ಮಾತ್ರ.

ಈ ತತ್ವವನ್ನು ಮನುಷ್ಯರ ಮೇಲೆ ಮೊದಲು ಪ್ರಯೋಗಿಸಿದ ಕಥೆ ದಾರುಣವಾದದ್ದು. 1881ರ ಜುಲೈ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ದೇಹದಲ್ಲಿ ಗುಂಡು ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಸುರುಳಿಗಳ ಯಂತ್ರವೊಂದನ್ನು ಸಿದ್ಧಪಡಿಸಿಕೊಂಡು ಬಂದರು. ಪ್ರಯೋಗಶಾಲೆಯಲ್ಲಿ ಸರಿಯಾಗಿದ್ದ ಯಂತ್ರ ರೋಗಿಯ ಕೋಣೆಯಲ್ಲಿ ಗೊಂದಲಕ್ಕೆ ಬಿತ್ತು. ಹಾಸಿಗೆಯೊಳಗೆ ಉಕ್ಕಿನ ತಂತಿಗಳಿದ್ದವು! ಗುಂಡು ಸಿಗಲಿಲ್ಲ, ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಯೋಧ ಕೊಸಾತ್ಸ್ಕಿ ರೂಪಿಸಿದ ಶೋಧಕ ನೆಲಬಾಂಬುಗಳನ್ನು ಹುಡುಕಲು ಬಳಕೆಗೆ ಬಂತು. ವಿಮಾನ ನಿಲ್ದಾಣದ ಬಾಗಿಲ ಚೌಕಟ್ಟು, ಹವ್ಯಾಸಿಯ ಕೈಯಲ್ಲಿನ ಕೋಲು, ಎಲ್ಲವೂ ಅದೇ ವಂಶದವು.

ಲೋಹ ಲೋಹಕ್ಕೆ ಇರುವ ವ್ಯತ್ಯಾಸ

ಮರುದನಿ ಬರುವುದಕ್ಕೆ ಒಂದು ಸೂಕ್ಷ್ಮವಾದ ವಿಳಂಬವಿರುತ್ತದೆ. ವಾಹಕತೆ ಹೆಚ್ಚಿದ್ದಷ್ಟೂ, ವಸ್ತು ದೊಡ್ಡದಾದಷ್ಟೂ ವಿಳಂಬ ಹೆಚ್ಚು. ಯಂತ್ರ ಅಳೆಯುವುದು ಇದನ್ನೇ. ತಾಮ್ರದ ವಾಹಕತೆಯನ್ನು 100 ಎಂದಿಟ್ಟುಕೊಂಡರೆ ಬೆಳ್ಳಿಯದು ಸುಮಾರು 105, ಚಿನ್ನದ್ದು 70ಕ್ಕೆ ಮೇಲೆ, ಅಲ್ಯೂಮಿನಿಯಂನದು 60ರ ಆಸುಪಾಸು, ಸೀಸದ್ದು ಕೇವಲ 8. ಬೆಳ್ಳಿಯ ಡಿನೇರಿಯಸ್ ಒಳ್ಳೆಯ ಎತ್ತರದ ದನಿ ಕೊಡುತ್ತದೆ. ಆದರೆ 4.5 ಗ್ರಾಂ ತೂಕದ ಬೈಜಾಂಟಿಯಮ್ ಚಿನ್ನದ ನಾಣ್ಯ ತೆಳು. ಅದರ ಸಂಕೇತ ಮಡಚಿದ ಅಲ್ಯೂಮಿನಿಯಂ ಹಾಳೆಯದಕ್ಕೋ ಡಬ್ಬಿಯ ತುಂಡಿನದಕ್ಕೋ ಹೋಲುವುದುಂಟು. "ಕಸ ಬೇಡ" ಎಂದು ಯಂತ್ರದ ಗುಂಡಿ ತಿರುಗಿಸಿದವನು ಚಿನ್ನವನ್ನೂ ಬೇಡವೆಂದಂತಾಗಬಹುದು. ಕಾರವಾರದ ಸೀಸದ ನಾಣ್ಯಗಳನ್ನು ನೆನೆಯಿರಿ. ಸೀಸದ ಗುಂಡಿಗೂ ಅರಸನ ನಾಣ್ಯಕ್ಕೂ ಯಂತ್ರ ವ್ಯತ್ಯಾಸ ಕಾಣದು.

ಆಳದ ವಿಷಯದಲ್ಲಂತೂ ಜಾಹೀರಾತುಗಳನ್ನು ನಂಬಲೇಬೇಡಿ. ಕಾಂತಕ್ಷೇತ್ರ ಕೆಳಗೆ ಇಳಿಯುವಾಗಲೂ ದುರ್ಬಲವಾಗುತ್ತದೆ, ಮರುದನಿ ಮೇಲೆ ಬರುವಾಗಲೂ ದುರ್ಬಲವಾಗುತ್ತದೆ. ಚಿಕ್ಕ ವಸ್ತುವಿನ ಸಂಕೇತ ಹೆಚ್ಚುಕಡಿಮೆ ದೂರದ ಆರನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಆಳ ಎರಡರಷ್ಟಾದರೆ ಸಂಕೇತ 64ನೆಯ ಒಂದು ಭಾಗ! ಒಂಟಿ ನಾಣ್ಯ ಕೇಳಿಸುವುದು ಸಾಮಾನ್ಯವಾಗಿ ಒಂದು ಗೇಣಿನ ಆಳದವರೆಗೆ, ಹೆಚ್ಚೆಂದರೆ ಇನ್ನು ಸ್ವಲ್ಪ. "ಇಪ್ಪತ್ತು ಅಡಿ ಆಳದ ಚಿನ್ನವನ್ನು ತೋರಿಸುತ್ತದೆ" ಎಂದು ಎರಡು ಕಡ್ಡಿಗಳ ಯಂತ್ರ ಮಾರುವವರು ಭೌತಶಾಸ್ತ್ರಕ್ಕೆ ಸಂಬಂಧಪಟ್ಟವರಲ್ಲ.

ಇನ್ನು ನಮ್ಮ ಸೀಮೆಯ ಮಣ್ಣು. ಜೋಯಿಡಾದ ಕಡೆಯ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡುಗಳು ಧಾರಾಳ. ಅಲ್ಲಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ಅದಿರನ್ನೂ ತೆಗೆದಿದ್ದಾರೆ. ಇಂಥ ನೆಲವೇ ಯಂತ್ರಕ್ಕೆ ಗುಣುಗುಟ್ಟುತ್ತದೆ. ಸಂತೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳಿದಂತೆ ಆಗ ನಾಣ್ಯದ ದನಿ. ನೆಲದ ಗುಣುಗನ್ನು ಲೆಕ್ಕದಿಂದ ಕಳೆಯುವ ಏರ್ಪಾಡು ಒಳ್ಳೆಯ ಯಂತ್ರಗಳಲ್ಲಿದೆ, ಆದರೂ ಆಳ ಕಡಿಮೆಯಾಗುತ್ತದೆ. ಹಳಿಯಾಳ, ಮುಂಡಗೋಡಗಳ ಪೂರ್ವದ ಹೊಲಗಳಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಬೇರೆ ತೊಂದರೆ. ಕಬ್ಬು, ಗೋವಿನಜೋಳ ಬೆಳೆಯುವ ಹೊಲದಲ್ಲಿ ತಂತಿ ಚೂರು, ಬೋಲ್ಟು, ಸೋಡಾ ಬಾಟಲಿಯ ಮುಚ್ಚಳ, ಮಾತ್ರೆಯ ಹಾಳೆ, ಎಲ್ಲವೂ "ನಾನಿದ್ದೇನೆ" ಎನ್ನುತ್ತವೆ.

ಯಂತ್ರ ಪೂರ್ತಿ ಕಿವುಡಾಗಿರುವ ವಸ್ತುಗಳೂ ಇವೆ. ಮಡಕೆ, ಮಣಿ, ಇಟ್ಟಿಗೆ, ಮೂಳೆ, ಇದ್ದಿಲು. ತೆಲಂಗಾಣದ ಕೊಂಡಾಪುರದಂಥ ಶಾತವಾಹನ ನೆಲೆಗಳಲ್ಲಿ ರೋಮನ್ ನಾಣ್ಯವನ್ನು ಮಾದರಿಯಾಗಿಟ್ಟುಕೊಂಡು ಸುಟ್ಟ ಮಣ್ಣಿನಲ್ಲಿ ಮಾಡಿದ ಪದಕಗಳು ಸಿಕ್ಕಿವೆ. ಚಿನ್ನ ಕೊಳ್ಳಲಾಗದವರ ಕೊರಳಿಗೆ ಚಕ್ರವರ್ತಿಯ ಮಣ್ಣಿನ ಮುಖ! ನನ್ನನ್ನು ಕೇಳಿದರೆ, ಆ ಕಾಲದ ಜನಜೀವನದ ಬಗ್ಗೆ ಬೆಳ್ಳಿ ನಾಣ್ಯಕ್ಕಿಂತ ಈ ಮಣ್ಣಿನ ಬಿಲ್ಲೆಯೇ ಹೆಚ್ಚು ಹೇಳುತ್ತದೆ. ಲೋಹಶೋಧಕ ಹಿಡಿದವನು ಅದನ್ನು ತುಳಿದುಕೊಂಡೇ ಮುಂದೆ ಹೋಗುತ್ತಾನೆ.

ಮುನ್ನೂರು ವರ್ಷದ ಒಗಟು

ಈಗ ಅಕ್ಕಿಆಲೂರಿನ ಆ ಗಂಟಿಗೆ ಮರಳೋಣ. ಮುನ್ನೂರು ವರ್ಷಗಳ ನಾಣ್ಯಗಳು ಒಟ್ಟಿಗೆ ಇರುವುದು ಹೇಗೆ? ಒಂದು ಮನೆತನವೋ ದೇವಸ್ಥಾನವೋ ತಲೆಮಾರಿನಿಂದ ತಲೆಮಾರಿಗೆ ಕೂಡಿಸುತ್ತ ಬಂದಿರಬಹುದು. ಇಲ್ಲವೇ 6ನೆಯ ಶತಮಾನದ ವರ್ತಕನೊಬ್ಬ ಹಳೆಯದು ಹೊಸದು ಎನ್ನದೆ ತೂಕದ ಲೆಕ್ಕದಲ್ಲಿ ಒಮ್ಮೆಲೇ ಪಡೆದಿರಬಹುದು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಚಿನ್ನದ ನಾಣ್ಯಗಳಲ್ಲಿ ಅನೇಕವಕ್ಕೆ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಎರಡು ತೂತುಗಳಿವೆ. ದಾರ ಪೋಣಿಸಿದಾಗ ಮುಖ ನೆಟ್ಟಗೆ ನಿಲ್ಲಲಿ ಎಂಬ ಎಚ್ಚರಿಕೆ ಅದು. ನಮ್ಮ ಅಜ್ಜಿಯರ ಕಾಸಿನ ಸರ, ಪುತಳಿ ಸರಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗಾದರೆ ನೆಲದಲ್ಲಿದ್ದದ್ದು ಹಣವೋ, ಒಡವೆಯೋ, ದೇವರ ಸೊತ್ತೋ?

ಇಂಥ ಪ್ರಶ್ನೆಗೆ ಬರಿಯ ನಾಣ್ಯ ಉತ್ತರ ಕೊಡಲಾರದು. ನಾಣ್ಯ ಹೇಗೆ ಇತ್ತು, ಯಾವುದರ ಪಕ್ಕದಲ್ಲಿ ಇತ್ತು, ಮೇಲಿನ ಮಣ್ಣು ಯಾವುದು, ಕೆಳಗಿನದು ಯಾವುದು ಎಂಬುದು ಉತ್ತರ ಕೊಡುತ್ತದೆ. ಇದು ಬರಿಯ ಉಪದೇಶವಲ್ಲ ಎಂಬುದಕ್ಕೆ ಇಂಗ್ಲೆಂಡಿನ ಎರಡು ಪ್ರಸಂಗಗಳಿವೆ.

1992ರ ನವೆಂಬರಿನಲ್ಲಿ ಸಫೋಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಅವನ ಗೆಳೆಯ ಎರಿಕ್ ಲಾಸ್ ಲೋಹಶೋಧಕ ತಂದ. ಯಂತ್ರ ಕೂಗಿತು, ಸಿಕ್ಕಿದ್ದು ಬೆಳ್ಳಿಯ ಚಮಚಗಳು, ಚಿನ್ನದ ಒಡವೆ, ನಾಣ್ಯಗಳು. ಆತ ಒಂದಷ್ಟು ಹೊರತೆಗೆದು, ಅಷ್ಟಕ್ಕೇ ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ. ಮರುದಿನ ಪುರಾತತ್ವಜ್ಞರು ಬಂದು ಅಗೆದರು. 14,865 ನಾಣ್ಯಗಳು ದೊರೆತವು. ಅಷ್ಟೇ ಮುಖ್ಯವಾದದ್ದು ಇನ್ನೊಂದು: ಇವೆಲ್ಲ ಒಂದು ಮರದ ಪೆಟ್ಟಿಗೆಯೊಳಗೆ ಜೋಡಿಸಿಟ್ಟ ವಸ್ತುಗಳು ಎಂಬುದು, ಕೊಳೆತುಹೋದ ಪೆಟ್ಟಿಗೆಯ ಅವಶೇಷದಿಂದ ತಿಳಿಯಿತು. ಸುತ್ತಿಗೆಯೂ ಸಿಕ್ಕಿತು. ಈಗ ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿದೆ.

2010ರಲ್ಲಿ ಸಾಮರ್‌ಸೆಟ್ ಪ್ರಾಂತದ ಫ್ರೂಮ್ ಬಳಿ ಡೇವ್ ಕ್ರಿಸ್ಪ್ ಎಂಬ ಹವ್ಯಾಸಿಗೆ ಮಡಕೆಯೊಂದರ ಬಾಯಿ ಕಂಡಿತು, ಒಳಗೆ ನಾಣ್ಯ. ಆತನೂ ಅಲ್ಲಿಗೇ ನಿಲ್ಲಿಸಿದ. ತಜ್ಞರು ಮಡಕೆಯನ್ನು ಒಮ್ಮೆಲೇ ಸುರಿಯದೆ ಪದರ ಪದರವಾಗಿ ಬಿಡಿಸಿದರು. ಒಟ್ಟು 52,503 ನಾಣ್ಯಗಳು, ಸುಮಾರು 160 ಕಿಲೋ. ವರ್ಷ ವರ್ಷ ಕೂಡಿಹಾಕಿದ್ದಾಗಿದ್ದರೆ ತೀರಾ ಹೊಸ ನಾಣ್ಯಗಳು ಮಡಕೆಯ ಬಾಯಿಯ ಬಳಿ ಇರಬೇಕಿತ್ತು. ಆದರೆ ಕೊನೆಯ ಕಾಲದ ಕರೌಸಿಯಸ್ ಚಕ್ರವರ್ತಿಯ ನಾಣ್ಯಗಳಲ್ಲಿ ಬಹುಪಾಲು ಕೆಳಭಾಗದಲ್ಲಿದ್ದವು. ಅಂದರೆ ಮಡಕೆಯನ್ನು ನೆಲದಲ್ಲಿ ಇಟ್ಟು, ಚೀಲ ಚೀಲವಾಗಿ ತಂದು ಒಂದೇ ಸಂದರ್ಭದಲ್ಲಿ ತುಂಬಿದ್ದರು. ಅಷ್ಟು ತೂಕವನ್ನು ಹೊತ್ತುಕೊಂಡು ಬರುವ ಶಕ್ತಿ ಆ ತೆಳು ಮಡಕೆಗೆ ಇರಲೂ ಇಲ್ಲ. ಕ್ರಿಸ್ಪ್ ಆ ದಿನ ಆಸೆಗೆ ಬಿದ್ದು ಮಡಕೆಯನ್ನು ಎತ್ತಿ ಬುಟ್ಟಿಗೆ ಸುರಿದುಕೊಂಡಿದ್ದರೆ ನಾಣ್ಯ ಅಷ್ಟೇ ಇರುತ್ತಿತ್ತು. ಈ ಸಂಗತಿ ಮಾತ್ರ ಎಂದೆಂದಿಗೂ ಇಲ್ಲವಾಗುತ್ತಿತ್ತು.

ಅಕ್ಕಿಆಲೂರಿನಂಥ ಇನ್ನೊಂದು ಗಡಿಗೆ ನಾಳೆ ಮುಂಡಗೋಡದ ಹೊಲದಲ್ಲಿ ರಂಟೆಗೆ ತಾಗಿತೆನ್ನಿ. ಮೇಲೆ ಹೇಳಿದ ಒಗಟು ಬಿಡಿಸಲು ಬೇಕಾದ ಸಾಕ್ಷಿ ಆ ಗಡಿಗೆಯ ಸುತ್ತಲಿನ ಒಂದು ಮೊಳ ಮಣ್ಣಿನಲ್ಲಿರುತ್ತದೆ. ಅದನ್ನು ಕೆದಕಲು ಹತ್ತು ನಿಮಿಷ ಸಾಕು.

ಉಳುಮೆ ಮಾಡುವುದೇನು?

"ಹೇಗೂ ನೇಗಿಲು ಎಲ್ಲವನ್ನೂ ಕಲಕಿಬಿಟ್ಟಿದೆಯಲ್ಲ, ಇನ್ನು ಕಾಪಾಡುವುದೇನು?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಎತ್ತಿನ ರಂಟೆ ಕಲಕುವುದು ಅರ್ಧ ಗೇಣು ಮಣ್ಣನ್ನು. ಟ್ರ್ಯಾಕ್ಟರಿನ ನೇಗಿಲು ಒಂದು ಗೇಣನ್ನೂ ಮೀರುತ್ತದೆ. ಆ ಪದರದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಕ್ರಮ ಅಳಿಸಿಹೋಗಿರುತ್ತದೆ, ನಿಜ. ಆದರೆ ಅಡ್ಡಡ್ಡಲಾಗಿ ವಸ್ತುಗಳು ತುಂಬ ದೂರವೇನೂ ಹೋಗಿರುವುದಿಲ್ಲ. ಹೊಲದ ಒಂದು ಮೂಲೆಯಲ್ಲಿ ಮಡಕೆ ಚೂರು ದಟ್ಟವಾಗಿದ್ದರೆ ಅದರ ಅಡಿಯಲ್ಲಿ ಹಾಳೂರು ಇರುವ ಸಂಭವ ಹೆಚ್ಚು. ಉಳುಮೆ ಮುಟ್ಟದ ಕೆಳಪದರ ಹಾಗೆಯೇ ಇರುತ್ತದೆ. ಯಂತ್ರ ಕೂಗಿತೆಂದು ತೋಡುವವನ ಗುದ್ದಲಿ ಹಾಳುಮಾಡುವುದು ನೇಗಿಲು ಉಳಿಸಿದ ಆ ಭಾಗವನ್ನೇ.

ನಮ್ಮಲ್ಲಿ ಈ ಕೇಡು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. 2019ರ ಜುಲೈಯಲ್ಲಿ ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಿ, ತುಂಗಭದ್ರೆಯ ನಡುಗಡ್ಡೆಯಲ್ಲಿರುವ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಗೆ ಒಡೆದುಹಾಕಿದ್ದು ನಿಮಗೆ ನೆನಪಿರಬಹುದು. ಕಾಡಿನ ನಡುವಿನ ಹಾಳು ಗುಡಿಯ ಲಿಂಗವನ್ನು ಕಿತ್ತು ಅಡಿಯಲ್ಲಿ ತೋಡುವುದು, ವೀರಗಲ್ಲನ್ನು ಉರುಳಿಸುವುದು ಮೊದಲಿನಿಂದಲೂ ಇತ್ತು. ಈಗ ಅದೇ ಜನರ ಕೈಗೆ ಯಂತ್ರವೂ ಬಂದಿದೆ. ಪಾಯ ತೋಡುವಾಗ ಸಿಕ್ಕ ಚಿನ್ನದ ನಾಣ್ಯ ಎಂದು ನಂಬಿಸಿ ಹಿತ್ತಾಳೆಯ ಬಿಲ್ಲೆ ಮಾರುವವರ ಸುದ್ದಿಯಂತೂ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಕಾನೂನು ಹೇಳುವುದನ್ನು ಚುಟುಕಾಗಿ ತಿಳಿದುಕೊಳ್ಳಿ. ನೆಲದಲ್ಲಿ ಸಿಕ್ಕ ನಿಧಿ ಸಿಕ್ಕವನ ಜೇಬಿನ ಸೊತ್ತಲ್ಲ. 1878ರ ಭಾರತೀಯ ನಿಧಿ ಕಾಯ್ದೆ, ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕರೂ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು ವಿಧಿಸಿತು. ಮುಚ್ಚಿಟ್ಟವನಿಗೆ ತನ್ನ ಪಾಲೂ ಹೋಗಿ ಒಂದು ವರ್ಷದವರೆಗೆ ಸೆರೆಮನೆಯೂ ಆಗಬಹುದಿತ್ತು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯಿದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ; ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಗೆಯುವುದು ಅಪರಾಧ. ದಾಂಡೇಲಿ, ಜೋಯಿಡಾಗಳಲ್ಲಿ ಹೆಚ್ಚಿನ ನೆಲ ಕಾಡು. ಅದರಲ್ಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಒಂದು ಕಲ್ಲನ್ನು ಎತ್ತುವುದಕ್ಕೂ ಅರಣ್ಯ ಇಲಾಖೆಯನ್ನು ಕೇಳಬೇಕು. ಇಂಗ್ಲೆಂಡಿನ ಹವ್ಯಾಸಿಗೆ ಇರುವ ಅನುಕೂಲವೇ ಬೇರೆ. ಅಲ್ಲಿ 1996ರಲ್ಲಿ ನಿಧಿ ಕಾಯ್ದೆ ಬಂತು. ಮರುವರ್ಷವೇ, ಸಿಕ್ಕದ್ದನ್ನು ತಂದು ತೋರಿಸಿದರೆ ಗುರುತಿಸಿ ದಾಖಲಿಸಿಕೊಳ್ಳುವ ಅಧಿಕಾರಿಗಳ ಏರ್ಪಾಡು ಶುರುವಾಯಿತು. ಆ ಏರ್ಪಾಡಿಲ್ಲದೆ ಬರಿಯ ಯಂತ್ರವನ್ನು ಮಾತ್ರ ಅಲ್ಲಿಂದ ಎರವಲು ತರುವುದು ನನಗಂತೂ ಸರಿಕಾಣುವುದಿಲ್ಲ.

ಯಂತ್ರವಿಲ್ಲದೆ ನೀವು ಮಾಡಬಹುದಾದ ಕೆಲಸವೊಂದಿದೆ. ಪುರಾತತ್ವಜ್ಞರು ಯಾವುದೇ ಊರಲ್ಲಿ ಮೊದಲು ಮಾಡುವುದೂ ಅದನ್ನೇ: ಹೊಲದ ಯಜಮಾನರನ್ನು ಕೇಳಿಕೊಂಡು, ಉಳುಮೆ ಮುಗಿದು ಒಂದು ಮಳೆ ಬಿದ್ದ ಮೇಲೆ, ಬಿತ್ತನೆಗೆ ಮುಂಚೆ, ಸಾಲು ಹಿಡಿದು ನಡೆಯುವುದು. ಮಳೆ ಮಣ್ಣನ್ನು ತೊಳೆದಿರುವುದರಿಂದ ಚೂರುಗಳು ಎದ್ದು ಕಾಣುತ್ತವೆ. ಒಳಮೈ ಕಪ್ಪು, ಹೊರಮೈ ಕೆಂಪಾದ ನಯವಾದ ಚೂರು ಕಂಡರೆ ನಿಂತು ನೋಡಿ. ಎರಡು ಸಾವಿರ ವರ್ಷ ಹಿಂದಿನ ನೆಲೆಗಳಲ್ಲಿ ಸಾಮಾನ್ಯವಾಗಿ ಸಿಗುವ ಮಡಕೆ ಅದು. ಎತ್ತಿಕೊಳ್ಳಬೇಡಿ. ಪಕ್ಕದಲ್ಲಿ ಅಳತೆಗೋಲು ಇಟ್ಟು ಚಿತ್ರ ತೆಗೆಯಿರಿ. ಊರು, ಸರ್ವೆ ನಂಬರು, ಹೊಲದ ಯಾವ ಬದುವಿನಿಂದ ಎಷ್ಟು ಹೆಜ್ಜೆ ಎಂದು ಬರೆದುಕೊಳ್ಳಿ. ಇಂಥ ಒಂದು ಪುಟ ಶಾಲೆಯ ಇತಿಹಾಸ ಮೇಷ್ಟರ ಮೂಲಕ ಪುರಾತತ್ವ ಇಲಾಖೆಗೆ ಹೋದರೆ ಅದಕ್ಕೆ ಬೆಲೆಯಿದೆ.

ಅಕಸ್ಮಾತ್ ನಾಣ್ಯವೇ ಸಿಕ್ಕರೆ? ಮನೆಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕುವ ಆಸೆ ಬೇಡ. ತಾಮ್ರದ ಕೊಡಕ್ಕೆ ಹೊಳಪು ತರುವ ಅದೇ ಹುಳಿ ನಾಣ್ಯದ ಮೇಲಿನ ಹಸಿರು ಪದರದ ಜೊತೆಗೆ ಅಕ್ಷರಗಳನ್ನೂ ತಿಂದುಹಾಕುತ್ತದೆ. ಮಣ್ಣು ಮೆತ್ತಿಕೊಂಡಿದ್ದಂತೆಯೇ ಕಾಗದದಲ್ಲಿ ಸುತ್ತಿಡಿ. ಅಕ್ಕಸಾಲಿಗೆ ತೋರಿಸಿದರೆ ಆತ ಪ್ರಾಮಾಣಿಕವಾಗಿಯೇ ಅದರ ಚಿನ್ನದ ಬೆಲೆ ಹೇಳುತ್ತಾನೆ. ಒಮ್ಮೆ ಕುಲುಮೆಗೆ ಬಿದ್ದ ನಾಣ್ಯ ಮತ್ತೆ ಬರುವುದಿಲ್ಲ. ಸಿಕ್ಕ ಜಾಗಕ್ಕೆ ಒಂದು ಗೂಟ ಹೊಡೆದು, ಇನ್ನು ಅಗೆಯದೆ, ಊರಿನ ಗ್ರಾಮ ಆಡಳಿತ ಅಧಿಕಾರಿಗೋ ತಹಸೀಲ್ದಾರರ ಕಚೇರಿಗೋ ತಿಳಿಸಿ. ಅಲ್ಲಿಂದ ಅದು ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ. ಕೊಟ್ಟದ್ದಕ್ಕೆ ಬರವಣಿಗೆಯಲ್ಲಿ ರಸೀತಿ ಕೇಳಿ ಪಡೆಯಿರಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಹಳೆಯ ನಾಣ್ಯ, ಮಡಕೆ, ಶಾಸನಗಳನ್ನು ಗುರುತಿಸುವ ಕಣ್ಣು ಓದಿನಿಂದ ಬರುವುದಿಲ್ಲ, ನೋಡಿ ನೋಡಿ ಬರುತ್ತದೆ. ಹಳಿಯಾಳದವರಿಗೆ ಧಾರವಾಡ ದೂರವಲ್ಲ. ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯವಿದೆ, ಭಾರತೀಯ ಪುರಾತತ್ವ ಸರ್ವೇಕ್ಷಣಾಲಯದ ವಲಯ ಕಚೇರಿಯೂ ಇದೆ. ಬೆಂಗಳೂರಿಗೆ ಶಾಲಾ ಪ್ರವಾಸ ಬಂದಾಗ ಕಬ್ಬನ್ ಉದ್ಯಾನದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಚಂದ್ರವಳ್ಳಿಯ ಪ್ರಾಚ್ಯವಸ್ತುಗಳನ್ನು ಹುಡುಕಿ ನೋಡಿ. ಕೊಲ್ಹಾಪುರಕ್ಕೆ ಹೋಗುವವರು ಟೌನ್ ಹಾಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ, ಬ್ರಹ್ಮಪುರಿಯಲ್ಲಿ ಸಿಕ್ಕ ಪೊಸೈಡನ್‌ನ ಬಗ್ಗೆ ಕೇಳಬಹುದು.